ಕಂಪನಿ ಸ್ಟೀರಿಯೋ ತೆಗೆದು ಹೊಸ ಹೆಡ್ ಯೂನಿಟ್ ಹಾಕ್ಬೇಕು: ನನ್ನ ವ್ಯಾನ್‌ಗೆ ಏನೇನು ನೋಡ್ಕೋಬೇಕು?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ವರ್ಷದ ಸರಕು ವ್ಯಾನ್. ಇಂಜಿನ್ ಗಟ್ಟಿಮುಟ್ಟಾಗಿದೆ, ಬಾಡಿಗೆ ತುಕ್ಕು ಹತ್ತಿಲ್ಲ, ಇನ್ನೂ ಹತ್ತು ವರ್ಷ ಓಡಿಸೋ ಮನಸ್ಸಿದೆ. ಹಳತಾಗಿರೋದು ಕಂಪನಿಯಿಂದಲೇ ಬಂದ ಸ್ಟೀರಿಯೋ ಒಂದೇ. ಬ್ಲೂಟೂತ್ ಇದೆ, ಆದರೆ ಕಾಲ್ ಮಾತ್ರ ಬರುತ್ತೆ, ಹಾಡು ಬರಲ್ಲ. ಮ್ಯಾಪ್‌ಗೆ ಫೋನನ್ನ ಗಾಜಿಗೆ ಅಂಟಿಸ್ಕೊಂಡು ಓಡಿಸ್ತೀನಿ. ಮಧ್ಯಾಹ್ನದ ಬಿಸಿಲಿಗೆ ಫೋನ್ ಕಾದು ಸ್ಕ್ರೀನ್ ಮಂಕಾಗಿ, ತಿರುವು ಬಂದಾಗಲೇ ಏನೂ ಕಾಣಲ್ಲ. ಹಿಂದೆ ಗಾಜಿಲ್ಲದ ಗಾಡಿ, ರಿವರ್ಸ್‌ಗೆ ಎರಡು ಪಕ್ಕದ ಕನ್ನಡಿಗಳೇ ಗತಿ. ಹೋದ ತಿಂಗಳು ಹಿಂದೆ ಒಂದು ಮಗು ನಿಂತಿದ್ದು ನನಗೆ ಕಾಣಲೇ ಇಲ್ಲ. ಯಾರೋ ಕೂಗಿದರು, ಬ್ರೇಕ್ ಹಾಕಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕ್ಯಾಮೆರಾ ಹಾಕಿಸಲೇಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ದೊಡ್ಡ ಸ್ಕ್ರೀನಲ್ಲಿ ಮ್ಯಾಪ್, ರಿವರ್ಸ್ ಕ್ಯಾಮೆರಾ, ಮತ್ತೆ ಸ್ಟೇರಿಂಗ್ ಮೇಲಿರೋ ಬಟನ್‌ಗಳು ಈಗಿನ ಹಾಗೇ ಕೆಲಸ ಮಾಡಬೇಕು. ಇಷ್ಟೇ ನನ್ನ ಆಸೆ. ಸ್ಪೀಕರ್ ಎರಡೇ ಇರೋದು, ಮುಂದಿನ ಎರಡು ಡೋರ್‌ಗಳಲ್ಲಿ. ಒಂದು 9 ಇಂಚಿನ ಆಂಡ್ರಾಯ್ಡ್ ಸೆಟ್ ನೋಡಿಟ್ಟಿದ್ದೀನಿ. ಆರ್ಡರ್ ಮಾಡ್ಬಹುದಾ?

ಹಳೆಗಾಡಿ

ಇನ್ನೂ ಆರ್ಡರ್ ಮಾಡಬೇಡಿ ಸರ್. ಮೊದಲು ಹಳೇ ಸೆಟ್ಟನ್ನ ಹೊರಗೆ ಎಳೆದು ಅದರ ಬೆನ್ನು ನೋಡಿ. ಇಲ್ಲಿ ಬರೋ ತೊಂದರೆಗಳಲ್ಲಿ ಮುಕ್ಕಾಲು ಪಾಲು, ಮುಖ ನೋಡಿ ಸೆಟ್ ಕೊಂಡು ಆಮೇಲೆ ಬೆನ್ನು ನೋಡಿದವರದ್ದು.

ಡ್ಯಾಶ್‌ಬೋರ್ಡ್‌ನ ಕಿಂಡಿಗೆ ಅಳತೆ ಇದೆ. ಒಂದು ಡಿನ್ ಅಂದ್ರೆ ಅಗಲ ಸುಮಾರು 180 ಮಿ.ಮೀ., ಎತ್ತರ 50. ಎರಡು ಡಿನ್ ಅಂದ್ರೆ ಅದೇ ಅಗಲ, ಎತ್ತರ 100. ಹಲವು ಟೊಯೋಟಾ ಗಾಡಿಗಳಲ್ಲಿ ಕಿಂಡಿ 200 ಮಿ.ಮೀ. ಅಗಲ ಇರುತ್ತೆ, ಅಲ್ಲಿ ಸಾಮಾನ್ಯ ಸೆಟ್ ಕೂರಿಸಿದ್ರೆ ಎರಡೂ ಪಕ್ಕ ಸಂದು ಉಳಿಯುತ್ತೆ, ಅದಕ್ಕೆ ಪಟ್ಟಿ ಸಿಗುತ್ತೆ. 9 ಇಂಚು, 10 ಇಂಚಿನ ಸ್ಕ್ರೀನ್‌ಗಳು ಸಾಮಾನ್ಯವಾಗಿ ಈ ಯಾವ ಅಳತೆಗೂ ಕೂರಲ್ಲ. ನಿಮ್ಮ ಮಾಡೆಲ್‌ಗೇ ಮಾಡಿದ ಫ್ರೇಮ್ ಬೇಕು. ಫ್ರೇಮ್ ಸಿಗದೆ ಇದ್ರೆ ಎರಡು ಡಿನ್‌ನ 7 ಇಂಚಿಗೇ ನಿಲ್ಲಿ. ಡ್ಯಾಶ್‌ಬೋರ್ಡ್ ಕೊಯ್ಯೋ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಇನ್ನು ಆಳ. ಕಿಂಡಿ ಒಳಗೆ ಎಷ್ಟು ಜಾಗ ಇದೆ ಅಂತ ಸ್ಕೇಲ್ ಇಟ್ಟು ನೋಡಿ, ಹಿಂದೆ ವೈರ್ ಕಟ್ಟು, ಕಪ್ಲರ್ (ವೈರ್‌ಗಳನ್ನ ಸೆಟ್‌ಗೆ ಸಿಕ್ಕಿಸೋ ಪ್ಲಾಸ್ಟಿಕ್ ಜೋಡಣೆ) ಮಡಚಿ ಕೂರೋಕೂ ಜಾಗ ಬಿಡಿ. ಸಿಡಿ ಇಲ್ಲದ ಹೊಸ ಸೆಟ್‌ಗಳು ಗಿಡ್ಡ ಇರೋದರಿಂದ ಇದು ಮೊದಲಿನಷ್ಟು ಕಷ್ಟ ಅಲ್ಲ.

ಇನ್ನೊಂದು ಮಾತು, ನಿಮಗಲ್ಲದಿದ್ರೂ ಓದೋರಿಗೆ: ಮಿನಿ ಬಸ್ಸಿನಂಥ ದೊಡ್ಡ ಗಾಡಿಗಳಲ್ಲಿ ಕೆಲವು 24 ವೋಲ್ಟ್. ಸಾಮಾನ್ಯ ಸೆಟ್ 12 ವೋಲ್ಟಿನದು. ನೇರ ಕೊಟ್ರೆ ಸುಟ್ಟುಹೋಗಬಹುದು.

ತಾಮ್ರದ ತಂತಿ

ಹಳೆಗಾಡಿ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಬಿಚ್ಚುವ ಮುಂಚೆ ಸ್ಟೀರಿಯೋಗೆ ಸೆಕ್ಯುರಿಟಿ ಕೋಡ್ ಇದೆಯೇ ನೋಡಿ, ಇದ್ದರೆ ಬರೆದಿಟ್ಟುಕೊಳ್ಳಿ. ಕರೆಂಟ್ ತಪ್ಪಿದ ಮೇಲೆ ಅದು ಕೋಡ್ ಕೇಳುತ್ತದೆ. ಹೊಸದು ಸರಿಬಾರದೆ ಹಳೆಯದನ್ನೇ ವಾಪಸ್ ಹಾಕಬೇಕಾಗಿ ಬಂದರೆ ಆ ನಾಲ್ಕು ಅಂಕಿ ಬೇಕೇ ಬೇಕು. ಆಮೇಲೆ ಬ್ಯಾಟರಿಯ ಮೈನಸ್ ಕಳಚಿ, ಕೆಲವು ನಿಮಿಷ ಬಿಟ್ಟು ಕೈ ಹಾಕಿ. ಆ ಜಾಗದ ಸುತ್ತಮುತ್ತ ಏರ್‌ಬ್ಯಾಗ್ ವೈರ್‌ಗಳು ಹಾದು ಹೋಗುತ್ತವೆ. ಹಳದಿ ಕವಚದ ವೈರ್, ಹಳದಿ ಕಪ್ಲರ್ ಕಂಡರೆ ಮುಟ್ಟಬೇಡಿ, ವೋಲ್ಟ್ ಅಳೆಯುವ ಮೀಟರ್ ಕೂಡ ಹಚ್ಚಬೇಡಿ.

ಈಗ ವೈರ್‌ಗಳ ವಿಷಯ. ಹೊಸ ಸೆಟ್‌ನ ಬಣ್ಣಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಹಳದಿ ಯಾವಾಗಲೂ ಕರೆಂಟ್ ಇರಬೇಕಾದ್ದು, ನೆನಪು ಉಳಿಯುವುದು ಅದರಿಂದ. ಕೆಂಪು ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥ್, ಅಂದರೆ ಮೈನಸ್. ನೀಲಿ ಆಂಟೆನಾಗೆ, ನೀಲಿ ಬಿಳಿ ಪಟ್ಟಿಯದು ಆಂಪ್ಲಿಫೈಯರ್ ಎಬ್ಬಿಸಲು. ಕಿತ್ತಳೆ ಡ್ಯಾಶ್‌ಬೋರ್ಡ್ ದೀಪಕ್ಕೆ. ಸ್ಪೀಕರ್‌ಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದೆಲ್ಲ ಆಯಾ ಸ್ಪೀಕರ್‌ನ ಮೈನಸ್.

ಆದರೆ ಗಾಡಿಯ ಕಡೆ ಬಣ್ಣ ನಂಬಬೇಡಿ. ಹಳೆಯ ಯುರೋಪ್ ಗಾಡಿಗಳಲ್ಲಿ ಐಎಸ್‌ಒ ಎಂಬ ಪ್ರಮಾಣಿತ ಕಪ್ಲರ್ ಇರುತ್ತದೆ: ಎಂಟು ಪಿನ್ ಕರೆಂಟಿಗೆ, ಎಂಟು ಸ್ಪೀಕರ್‌ಗೆ. ಅದರಲ್ಲಿ 4ನೇ ಪಿನ್ ಕಾಯಂ ಕರೆಂಟ್, 7ನೇ ಪಿನ್ ಕೀ ಕರೆಂಟ್, 8 ಅರ್ಥ್. ಕೆಲವು ಗಾಡಿಗಳಲ್ಲಿ ಈ 4 ಮತ್ತು 7 ಅದಲುಬದಲು. ಹಾಗೆಯೇ ಸಿಕ್ಕಿಸಿದರೆ ಸೆಟ್ ಹಾಡುತ್ತದೆ, ಆದರೆ ಕೀ ತೆಗೆದ ಕೂಡಲೇ ಸ್ಟೇಷನ್, ಸಮಯ, ಸೆಟ್ಟಿಂಗ್ ಎಲ್ಲ ಮರೆತುಬಿಡುತ್ತದೆ. ಸೆಟ್ ಕೆಟ್ಟಿದೆ ಎಂದು ಹಿಂದಿರುಗಿಸಿದವರು ಬಹಳ ಜನ. ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯುವ ಕೆಲಸ ಅದು.

ಹೊಸ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಕೀ ಕರೆಂಟಿನ ವೈರೇ ಸ್ಟೀರಿಯೋ ತನಕ ಬಂದಿರುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಮೊದಲು ಮೀಟರ್ ಹಿಡಿದು ಒಂದೊಂದು ಪಿನ್ನೂ ನೋಡಿ ಬನ್ನಿ. ಕೀ ಇಲ್ಲದೆ ಒಮ್ಮೆ, ಕೀ ಹಾಕಿ ಒಮ್ಮೆ, ಹೆಡ್‌ಲೈಟ್ ಹಾಕಿ ಒಮ್ಮೆ.

ದಾರಿಹೋಕ

ಇವತ್ತು ಬಿಚ್ಚಿದೆ. ಕೋಡ್ ಬರೆದಿಟ್ಕೊಂಡೆ. ಕಿಂಡಿ ಎರಡು ಡಿನ್ ಅಳತೆಯದೇ. ಹಿಂದೆ ಒಂದೇ ದೊಡ್ಡ ಚೌಕದ ಕಪ್ಲರ್, ಪಕ್ಕಕ್ಕೆ ಹೊರಳೋ ಲಾಕ್ ಇದೆ. ಅದರ ಪಕ್ಕ ಸಣ್ಣ ಪ್ಲಾಸ್ಟಿಕ್ ಮೂತಿಯ ಆಂಟೆನಾ ಪಿನ್. ಬ್ಯಾಟರಿ ವಾಪಸ್ ಕೊಟ್ಟು ಮೀಟರ್ ಹಿಡಿದೆ. ಒಂದು ಪಿನ್ನಲ್ಲಿ 12.5 ವೋಲ್ಟ್, ಕೀ ಇದ್ರೂ ಇಲ್ಲದಿದ್ರೂ ಅಷ್ಟೇ. ಕೀ ಹಾಕಿದಾಗ ಮಾತ್ರ 12 ಬರೋ ಪಿನ್ ಎಷ್ಟು ಹುಡುಕಿದ್ರೂ ಇಲ್ಲ. ಹೆಡ್‌ಲೈಟ್ ಹಾಕಿದ್ರೂ ಯಾವ ಪಿನ್ನಲ್ಲೂ ಬದಲಾವಣೆ ಇಲ್ಲ. ಎರಡು ತೆಳು ವೈರ್ ಒಂದಕ್ಕೊಂದು ಹೆಣೆದುಕೊಂಡು ಬಂದಿವೆ, ಕೀ ಹಾಕಿದ್ರೆ ಎರಡರಲ್ಲೂ 2.5 ಹತ್ತಿರ ತೋರಿಸುತ್ತೆ.

ತಾಮ್ರದ ತಂತಿ

ಆ ಹೆಣೆದ ಜೋಡಿಯೇ ಕ್ಯಾನ್ ಬಸ್. ನೀವು ಹುಡುಕುತ್ತಿದ್ದ ಕೀ ಕರೆಂಟು, ಹೆಡ್‌ಲೈಟಿನ ಸುದ್ದಿ, ರಿವರ್ಸ್ ಗೇರಿನ ಸುದ್ದಿ, ಸ್ಟೇರಿಂಗ್ ಬಟನ್ ಎಲ್ಲವೂ ಅದರೊಳಗೆ ಸಂದೇಶವಾಗಿ ಹರಿಯುತ್ತಿವೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ವ್ಯವಸ್ಥೆ ಇದು; ಪ್ರತಿಯೊಂದು ಸುದ್ದಿಗೂ ಬೇರೆ ಬೇರೆ ವೈರ್ ಎಳೆಯುವ ಬದಲು, ಎರಡೇ ವೈರಿನ ಮೇಲೆ ಗಾಡಿಯ ಪೆಟ್ಟಿಗೆಗಳೆಲ್ಲ ಸರದಿಯಲ್ಲಿ ಮಾತಾಡುತ್ತವೆ. "ಕೀ ಹಾಕಿದ್ದಾರೆ" ಎಂದು ಒಂದು ಪೆಟ್ಟಿಗೆ ಹೇಳುತ್ತದೆ, ಹಳೆಯ ಸ್ಟೀರಿಯೋ ಕೇಳಿಸಿಕೊಂಡು ಎದ್ದೇಳುತ್ತಿತ್ತು. ಅಂಗಡಿಯ ಸೆಟ್‌ಗೆ ಆ ಭಾಷೆ ತಿಳಿಯದು. ಮಧ್ಯೆ ಒಬ್ಬ ದುಭಾಷಿ ಬೇಕು, ಅದೇ ಕ್ಯಾನ್ ಅಡಾಪ್ಟರ್.

ಒಂದು ಕಟ್ಟುನಿಟ್ಟಿನ ಮಾತು: ಅಡಾಪ್ಟರ್ ನಿಮ್ಮ ಗಾಡಿಯ ಮಾಡೆಲ್, ವರ್ಷ, ಕಪ್ಲರ್ ಮೂರಕ್ಕೂ ಹೊಂದಬೇಕು, ಜೊತೆಗೆ ನೀವು ಕೊಳ್ಳುವ ಸೆಟ್‌ಗೂ ಹೊಂದಬೇಕು. ಆದ್ದರಿಂದ ಮೊದಲು ಅಡಾಪ್ಟರ್ ಯಾವುದು ಸಿಗುತ್ತದೆ ಎಂದು ನೋಡಿ, ಅದಕ್ಕೆ ತಕ್ಕ ಸೆಟ್ ಆರಿಸಿ. ಸ್ಕ್ರೀನ್ ಅಳತೆ ಆಮೇಲಿನ ಮಾತು. ಆ ಎರಡು ವೈರ್‌ಗಳನ್ನು ಕತ್ತರಿಸುವುದು, ಟ್ಯಾಪ್ ಹಾಕಿ ಕರೆಂಟ್ ಎಳೆಯುವುದು ಯಾವುದೂ ಬೇಡ. ಅವು ಶಾರ್ಟ್ ಆದರೆ ಆ ಸಾಲಿನ ಪೆಟ್ಟಿಗೆಗಳೆಲ್ಲ ಒಮ್ಮೆಗೇ ಮೂಕವಾಗುತ್ತವೆ.

ಇನ್ನೊಂದನ್ನು ಈಗಲೇ ಪರೀಕ್ಷಿಸಿ. ಕೆಲವು ಗಾಡಿಗಳಲ್ಲಿ ಪಾರ್ಕಿಂಗ್ ಸೆನ್ಸರ್‌ನ ಬೀಪ್ ಸ್ಟೀರಿಯೋ ಮೂಲಕವೇ ಡೋರ್ ಸ್ಪೀಕರ್‌ಗೆ ಬರುತ್ತದೆ. ಸ್ಟೀರಿಯೋ ಹೋದರೆ ಬೀಪೂ ಹೋಗುತ್ತದೆ. ನಿಮ್ಮದರಲ್ಲಿ ಸೆನ್ಸರ್ ಇದ್ದರೆ, ಸ್ಟೀರಿಯೋ ಕಳಚಿರುವ ಈ ಹೊತ್ತಿನಲ್ಲೇ ರಿವರ್ಸ್ ಹಾಕಿ ಕೇಳಿಸಿಕೊಳ್ಳಿ.

ಎರಡನೇ ಗೇರ್

ಸೆಟ್ ಆರಿಸೋ ವಿಷಯಕ್ಕೆ ಬಂದ್ರೆ ನನ್ನ ಓಟು ಆಂಡ್ರಾಯ್ಡ್ ಸೆಟ್‌ಗೇ. ಒಳಗೇ ಆ್ಯಪ್ ಹಾಕ್ಕೋಬಹುದು, ಮ್ಯಾಪ್ ಡೌನ್‌ಲೋಡ್ ಮಾಡಿಟ್ಕೋಬಹುದು, ಫೋನ್ ಮನೇಲಿ ಮರೆತ್ರೂ ದಾರಿ ತಪ್ಪಲ್ಲ. ಈಕ್ವಲೈಜರ್, ಡಿಎಸ್‌ಪಿ (ಶಬ್ದ ತಿದ್ದೋ ಚಿಪ್) ಎಲ್ಲ ಇರುತ್ತೆ. ನಾಲ್ಕು ಕ್ಯಾಮೆರಾ ತನಕ ಹಾಕೋ ಸೆಟ್‌ಗಳೂ ಇವೆ.

ಗೂಡುಗಾಡಿ

ನಾನು ಎರಡೂ ಬಳಸಿದ್ದೇನೆ, ಆದ್ದರಿಂದ ಮನಸ್ಸು ಬಿಚ್ಚಿ ಹೇಳುತ್ತೇನೆ. ನನ್ನ ಗಾಡಿಯಲ್ಲೇ ಅಡುಗೆ, ಹಾಸಿಗೆ ಎಲ್ಲ ಇದೆ, ವರ್ಷದಲ್ಲಿ ಅರ್ಧ ಅದರಲ್ಲೇ ವಾಸ. ಮೊದಲು ಹಾಕಿದ್ದು ಹೆಸರಿಲ್ಲದ ಆಂಡ್ರಾಯ್ಡ್ ಸೆಟ್. ಮೊದಲ ಆರು ತಿಂಗಳು ಚೆನ್ನಾಗಿತ್ತು. ಆಮೇಲೆ ಆ್ಯಪ್‌ಗಳು ದೊಡ್ಡದಾಗುತ್ತಾ ಹೋದವು, ಸೆಟ್‌ನ ಸಾಮರ್ಥ್ಯ ಇದ್ದಷ್ಟೇ ಇತ್ತು. ಅಪ್‌ಡೇಟ್ ಒಂದೂ ಬರಲಿಲ್ಲ. ಪೆಟ್ಟಿಗೆ ಮೇಲೆ ಬರೆದ ಆಂಡ್ರಾಯ್ಡ್ ನಂಬರ್ ಒಂದು, ಒಳಗೆ ನಿಜವಾಗಿ ಇದ್ದದ್ದು ಅದಕ್ಕಿಂತ ಹಳೆಯದು.

ಈಗಿರುವುದು ಬರೀ ಕಾರ್‌ಪ್ಲೇ (ಐಫೋನ್‌ಗೆ), ಆಂಡ್ರಾಯ್ಡ್ ಆಟೋ (ಆಂಡ್ರಾಯ್ಡ್ ಫೋನ್‌ಗೆ) ತೋರಿಸುವ ಸೆಟ್. ಕಾರ್‌ಪ್ಲೇ ಬಂದದ್ದು 2014ರಲ್ಲಿ, ಆಂಡ್ರಾಯ್ಡ್ ಆಟೋ ಅದರ ಮರುವರ್ಷ. ಎರಡರ ತಿರುಳೂ ಒಂದೇ: ಲೆಕ್ಕಾಚಾರವೆಲ್ಲ ಫೋನಿನದು, ಸೆಟ್ ಬರೀ ಕಣ್ಣು, ಕಿವಿ, ಬೆರಳು. ಫೋನ್ ಹೊಸದಾದರೆ ಗಾಡಿಯ ಸ್ಕ್ರೀನೂ ಹೊಸದಾದಂತೆ. ಹತ್ತು ವರ್ಷ ಓಡಿಸುವ ಮನಸ್ಸಿದೆ ಎಂದಿರಲ್ಲ ದಾರಿಹೋಕ ಅವರೇ, ಹತ್ತು ವರ್ಷ ಬಾಳುವುದು ಇಂಥದ್ದೇ. ಸೆಟ್‌ನಲ್ಲಿ ಮಿದುಳು ಕಡಿಮೆ ಇದ್ದಷ್ಟೂ ಅದು ಹಳತಾಗುವುದು ನಿಧಾನ.

ವೈರ್‌ಲೆಸ್ ಬೇಕೇ ಎಂದು ಕೇಳುತ್ತೀರಿ. ಅದು ಬ್ಲೂಟೂತ್‌ನಲ್ಲಿ ಪರಿಚಯ ಮಾಡಿಕೊಂಡು ವೈಫೈನಲ್ಲಿ ಚಿತ್ರ ಕಳಿಸುತ್ತದೆ. ಫೋನ್ ಬಿಸಿಯಾಗುತ್ತದೆ, ಚಾರ್ಜೂ ಇಳಿಯುತ್ತದೆ. ಐದು ನಿಮಿಷಕ್ಕೊಮ್ಮೆ ಇಳಿದು ಹತ್ತುವ ಡೆಲಿವರಿ ಕೆಲಸಕ್ಕೆ ವೈರ್‌ಲೆಸ್ ದೊಡ್ಡ ಅನುಕೂಲ. ದೂರದ ಓಟಕ್ಕೆ ಯುಎಸ್‌ಬಿ ಕೇಬಲ್ಲೇ ಮೇಲು, ಫೋನೂ ಚಾರ್ಜ್ ಆಗುತ್ತಿರುತ್ತದೆ.

ಎರಡನೇ ಗೇರ್

ಮೇಡಂ ಹೇಳಿದ್ದು ಒಪ್ತೀನಿ, ಅಗ್ಗದ ಸೆಟ್‌ಗಳ ವಿಷಯದಲ್ಲಿ. ಆದ್ರೆ ನೆಟ್‌ವರ್ಕ್ ಇಲ್ಲದ ಕಡೆ ಓಡಾಡೋರಿಗೆ ಒಳಗೇ ಮ್ಯಾಪ್ ಇರೋ ಸೆಟ್ ಈಗಲೂ ಉಪಯೋಗಕ್ಕೆ ಬರುತ್ತೆ.

ಗೂಡುಗಾಡಿ

ಫೋನಿನಲ್ಲೂ ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಬಹುದಲ್ಲ. ನಾನು ಹಾಗೇ ಮಾಡುತ್ತೇನೆ. ಯಾವ ಸೆಟ್ ಆದರೂ ಇರಲಿ, ಮೈಕ್ ಮಾತ್ರ ಹೊರಗಿನದು ಹಾಕಿಸಿ. ಸೆಟ್ ಮುಖದ ಮೇಲಿನ ತೂತಿನ ಮೈಕ್ ವ್ಯಾನ್‌ನಲ್ಲಿ ನಡೆಯಲ್ಲ; ಹಿಂದಿನ ಖಾಲಿ ಡಬ್ಬಿ ಸದ್ದನ್ನೆಲ್ಲ ಗುಂಯ್ ಅನ್ನಿಸಿ ಆ ಕಡೆಯವರಿಗೆ ಏನೂ ಕೇಳಿಸದ ಹಾಗೆ ಮಾಡುತ್ತದೆ. ಗಾಜಿನ ಪಕ್ಕದ ಕಂಬದ ಮೇಲ್ಭಾಗದಲ್ಲಿ, ಎ.ಸಿ. ಗಾಳಿ ಬಡಿಯದ ಕಡೆ, ಬಾಯಿಗೆ ಮುಖ ಮಾಡಿ ಕೂರಿಸಿ. ವೈರನ್ನು ಆ ಕಂಬದ ಏರ್‌ಬ್ಯಾಗಿನ ಮುಂದೆ ಹಾಯಿಸಬೇಡಿ, ಹಿಂಬದಿಯಿಂದ ತನ್ನಿ.

ಸ್ವರಸಾಧನೆ

ಸ್ಪೀಕರ್ ಎರಡೇ ಅಂದಿದ್ದೀರಿ. ಇದರ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ, ಯಾಕಂದ್ರೆ ನನಗೆ ಇದೇ ಮುಖ್ಯ.

ಪೆಟ್ಟಿಗೆ ಮೇಲೆ 50 ವ್ಯಾಟ್ ಗುಣಿಸು 4 ಅಂತ ಇರುತ್ತೆ. ಆ 50 ಎಲ್ಲಿಂದ ಬಂತು ನೋಡಿ. ಓಡೋ ಗಾಡಿಯಲ್ಲಿ 14.4 ವೋಲ್ಟ್, ಸ್ಪೀಕರ್ 4 ಓಮ್. 14.4ರ ವರ್ಗ ಭಾಗಿಸು 4, ಸುಮಾರು 52. ಅಂದ್ರೆ ಶಬ್ದದ ಅಲೆ ಪೂರ್ತಿ ಚಪ್ಪಟೆಯಾಗಿ, ಚೌಕವಾಗಿ ಒದರಿದಾಗ ಬರೋ ಲೆಕ್ಕ ಅದು. ದುಂಡಗಿನ ಶುದ್ಧ ಅಲೆಗೆ ಅದೇ ಕರೆಂಟಲ್ಲಿ ಅದರ ಅರ್ಧ, 26 ವ್ಯಾಟ್ ಮೀರೋಕೆ ಸಾಧ್ಯವೇ ಇಲ್ಲ. ಒಳಗಿನ ನಷ್ಟ ಕಳೆದ್ರೆ 20ರ ಆಸುಪಾಸು. ಆದ್ದರಿಂದ 45, 50, 60 ಅನ್ನೋ ಅಂಕಿ ನೋಡಿ ಸೆಟ್ ಆರಿಸಬೇಡಿ. 20 ವ್ಯಾಟ್ ಒಳ್ಳೇ ಸ್ಪೀಕರ್‌ಗೆ ಸಾಕು.

ಹಿಂದಿನ ಎರಡು ಚಾನೆಲ್ ನಿಮಗೆ ಬೇಡ. ಹಸಿರು, ನೇರಳೆ ವೈರ್‌ಗಳ ನಾಲ್ಕು ತುದಿಗೂ ಬೇರೆ ಬೇರೆ ಸ್ಲೀವ್ ಹಾಕಿ ಮುಚ್ಚಿ. ನಾಲ್ಕನ್ನೂ ಸೇರಿಸಿ ಒಂದೇ ಟೇಪ್ ಸುತ್ತಬೇಡಿ. ಜೋರು ಬರಲಿ ಅಂತ ಮುಂದಿನ ಹಿಂದಿನ ಚಾನೆಲ್ ಸೇರಿಸಿ ಒಂದೇ ಸ್ಪೀಕರ್‌ಗೆ ಕೊಡೋರಿದ್ದಾರೆ. ಒಳಗಿನ ಐಸಿ (ಚಿಪ್) ಸುಡುತ್ತೆ, ಸದ್ದು ಹೆಚ್ಚಲ್ಲ. ಸ್ಪೀಕರ್ ಮೈನಸ್ಸನ್ನ ಗಾಡಿಯ ಲೋಹದ ಬಾಡಿಗೆ ಅರ್ಥ್ ಮಾಡೋದೂ ಬೇಡ. ಈ ಸೆಟ್‌ಗಳಲ್ಲಿ ಪ್ಲಸ್ ಮೈನಸ್ ಎರಡೂ ಜೀವಂತ.

ಇನ್ನು ವ್ಯಾನ್‌ನ ನಿಜವಾದ ತೊಂದರೆ: ನೀವು ಒಂದು ಡೋರ್‌ಗೆ ಅಂಟಿಕೊಂಡು ಕೂತಿರ್ತೀರಿ. ಇನ್ನೊಂದು ಡೋರ್ ಒಂದೂವರೆ ಮೀಟರ್ ಆಚೆ. ಹಾಡೆಲ್ಲ ನಿಮ್ಮ ಮೊಣಕಾಲಿಂದ ಬಂದ ಹಾಗಿರುತ್ತೆ. ಸೆಟ್‌ನಲ್ಲಿ ಟೈಮ್ ಅಲೈನ್‌ಮೆಂಟ್ (ಹತ್ತಿರದ ಸ್ಪೀಕರಿನ ಸದ್ದನ್ನ ತುಸು ತಡ ಮಾಡೋ ಸೌಲಭ್ಯ) ಇದ್ರೆ ಟೇಪ್ ಹಿಡಿದು ಕಿವಿಯಿಂದ ಎರಡೂ ಸ್ಪೀಕರ್‌ಗೆ ಅಳೆಯಿರಿ. ನನ್ನದರಲ್ಲಿ 90 ಮತ್ತು 150 ಸೆಂ.ಮೀ. ವ್ಯತ್ಯಾಸ 60. ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತೆ, ಹಾಗಾಗಿ ಹತ್ತಿರದ ಸ್ಪೀಕರನ್ನ 1.75 ಮಿಲಿಸೆಕೆಂಡ್ ತಡ ಮಾಡಿದೆ. ಗಾಯಕಿ ಡೋರ್ ಬಿಟ್ಟು ಡ್ಯಾಶ್‌ಬೋರ್ಡ್ ಮಧ್ಯಕ್ಕೆ ಬಂದು ನಿಂತಳು. ಅವತ್ತು ಎಂಜಿನ್ ಆರಿಸಿ ಕೂತು ಅದೇ ಹಾಡು ನಾಲ್ಕು ಸಲ ಕೇಳಿದ್ದೀನಿ. ಸೆಟ್ ಆರಿಸುವಾಗ ಈ ಒಂದು ಸೌಲಭ್ಯ ಬಿಡಬೇಡಿ. ಜೊತೆಗೆ 80 ಹರ್ಟ್ಜ್ ಕೆಳಗಿನ ಶಬ್ದವನ್ನ ಹೈಪಾಸ್ ಹಾಕಿ ತಡೀರಿ, ಡೋರ್ ಸ್ಪೀಕರ್ ಉಸಿರಾಡುತ್ತೆ.

ದಾರಿಹೋಕ

ಎಲ್ಲರಿಗೂ ಧನ್ಯವಾದ. ಆಂಡ್ರಾಯ್ಡ್ ಸೆಟ್ ಆಸೆ ಬಿಟ್ಟೆ. ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡೂ ಇರೋ 7 ಇಂಚಿನದು ತಗೊಂಡೆ, ಟೈಮ್ ಅಲೈನ್‌ಮೆಂಟ್ ಇದೆ. ಅಡಾಪ್ಟರ್ ಬರೋದು ಎರಡು ವಾರ ತಡ. ತಡ್ಕೊಳ್ಳೋಕಾಗದೆ, ಬಿಡಿ ಕಪ್ಲರ್ ತಂದು ಕರೆಂಟು, ಸ್ಪೀಕರ್ ಮಾತ್ರ ಜೋಡಿಸಿ ಹಾಕಿದ್ದೀನಿ. ಕೆಂಪು ವೈರನ್ನ ಡ್ಯಾಶ್‌ಬೋರ್ಡ್‌ನ ಸಿಗರೇಟ್ ಲೈಟರ್ ಸಾಕೆಟ್‌ನಿಂದ ತಗೊಂಡೆ. ಸ್ಕ್ರೀನ್ ಬಂತು, ಮ್ಯಾಪ್ ಬಂತು, ತುಂಬಾ ಸಂತೋಷ ಆಯ್ತು. ಆದ್ರೆ ಎಫ್‌ಎಂ ಸತ್ತೇ ಹೋಗಿದೆ. ಮೊದಲು ಹನ್ನೊಂದು ಸ್ಟೇಷನ್ ಬರ್ತಿತ್ತು, ಈಗ ಒಂದು, ಅದೂ ಕರಕರ.

ಹಳೆಗಾಡಿ

ನೀವು ಹೇಳಿದ ಪ್ಲಾಸ್ಟಿಕ್ ಮೂತಿಯ ಪಿನ್ ಫಕ್ರಾ ಅನ್ನೋ ಥರದ್ದು. ಅದರ ಆಂಟೆನಾದ ಬುಡದಲ್ಲಿ ಸಣ್ಣ ಬೂಸ್ಟರ್ ಇರುತ್ತೆ, ಅದಕ್ಕೆ ಕರೆಂಟು ಹೋಗೋದು ಅದೇ ಆಂಟೆನಾ ಕೇಬಲ್ ಒಳಗಿಂದ. ಹಳೇ ಸ್ಟೀರಿಯೋ ಕೊಡ್ತಿತ್ತು, ಹೊಸದು ಕೊಡಲ್ಲ. ಬೂಸ್ಟರ್ ನಿದ್ದೆ ಮಾಡ್ತಿದೆ ಅಷ್ಟೆ. ಬರೀ ಮೂತಿ ಬದಲಿಸೋ ಪಿನ್ ಅಲ್ಲ, ನೀಲಿ ವೈರ್ ಹೊರಗೆ ಬಂದಿರೋ ಫಕ್ರಾ ಅಡಾಪ್ಟರ್ ತಗೊಳ್ಳಿ. ಆ ವೈರನ್ನ ಸೆಟ್‌ನ ನೀಲಿಗೆ ಸೇರಿಸಿ. ಅಂದ ಹಾಗೆ ಫಿಯೆಟ್ ಡುಕಾಟೊದಂಥ ವ್ಯಾನ್‌ನಲ್ಲಿ ಆಂಟೆನಾ ಇರೋದು ಪಕ್ಕದ ಕನ್ನಡಿಯ ಡಬ್ಬಿಯೊಳಗೆ, ಛಾವಣಿ ಮೇಲೆ ಹುಡುಕಿ ಸುಸ್ತಾಗಬೇಡಿ.

ದಾರಿಹೋಕ

ನೀಲಿ ವೈರ್ ಸೇರಿಸಿದೆ, ಹನ್ನೊಂದೂ ಬಂತು. ಅಣ್ಣ, ನಿಮಗೆ ಎಷ್ಟು ಹೇಳಿದ್ರೂ ಸಾಲದು.

ದಾರಿಹೋಕ

ಮತ್ತೆ ನಾನೇ. ನಾಲ್ಕು ದಿನ ಗಾಡಿ ನಿಲ್ಲಿಸಿದ್ದೆ, ಇವತ್ತು ಬೆಳಗ್ಗೆ ಕೀ ತಿರುಗಿಸಿದ್ರೆ ಟಕ್ ಟಕ್ ಬಿಟ್ಟು ಏನೂ ಇಲ್ಲ. ಬ್ಯಾಟರಿ 11.6. ಹತ್ತು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಸೆಟ್‌ನಿಂದಲೇನಾ? ಗಾಡಿ ಮೇಲೆ ನನ್ನ ಜೀವನ ನಿಂತಿದೆ, ಭಯ ಆಗ್ತಿದೆ.

ತಾಮ್ರದ ತಂತಿ

ಗಾಬರಿ ಬೇಡ, ಅಳೆದು ನೋಡಿದರೆ ಗೊತ್ತಾಗುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಬಾನೆಟ್ ತೆರೆದಿಡಿ, ಡೋರ್ ತೆರೆದು ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿ. ಇಲ್ಲದಿದ್ದರೆ ಆಮೇಲೆ ಫ್ಯೂಸ್ ನೋಡಲು ಡೋರ್ ತೆರೆದಾಗ ಗಾಡಿ ಮತ್ತೆ ಎಚ್ಚರಗೊಳ್ಳುತ್ತದೆ. ಕೀ ತೆಗೆದು ದೂರ ಇಡಿ. ಮೀಟರ್‌ನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ಮೈನಸ್ ಕಂಬಕ್ಕೂ ಕಳಚಿದ ಮೈನಸ್ ಕೇಬಲ್‌ಗೂ ನಡುವೆ ಸೇರಿಸಿ. ಮೀಟರ್ ಹೀಗೆ ಜೋಡಿಸಿರುವಾಗ ಸ್ಟಾರ್ಟ್ ಮಾಡಬೇಡಿ, ಕೀ ಕೂಡ ಹಾಕಬೇಡಿ.

ಮೊದಲು ಅಂಕಿ ದೊಡ್ಡದಿರುತ್ತದೆ. ಗಾಡಿಯ ಪೆಟ್ಟಿಗೆಗಳು ಒಂದೊಂದಾಗಿ ಮಲಗಬೇಕು, ಅರ್ಧ ಗಂಟೆ ಕಾಯಿರಿ. ಆಮೇಲೆ 20ರಿಂದ 50 ಮಿಲಿಆಂಪಿಯರ್ ಇದ್ದರೆ ಆರೋಗ್ಯ. ಅದಕ್ಕಿಂತ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಎಳೆಯಿರಿ. ಯಾವುದನ್ನು ಎಳೆದಾಗ ಅಂಕಿ ಕುಸಿಯುತ್ತದೋ ಅಲ್ಲಿದೆ ಸೋರಿಕೆ.

ನನ್ನ ಅನುಮಾನ ಹೇಳಿಬಿಡುತ್ತೇನೆ: ಆ ಸಿಗರೇಟ್ ಲೈಟರ್ ಸಾಕೆಟ್. ಎಷ್ಟೋ ವ್ಯಾನ್‌ಗಳಲ್ಲಿ ಅದು ಕೀ ತೆಗೆದ ಮೇಲೂ ಜೀವಂತ.

ದಾರಿಹೋಕ

ಅರ್ಧ ಗಂಟೆ ಅಲ್ಲ, ಮುಕ್ಕಾಲು ಗಂಟೆ ಕಾದೆ. 0.45 ಆಂಪಿಯರ್. ಸಾಕೆಟ್ ಫ್ಯೂಸ್ ಎಳೆದೆ, 0.03. ನೀವು ಹೇಳಿದ್ದೇ ಸರಿ. ಸೆಟ್‌ನ ಸ್ಕ್ರೀನ್ ಆಫ್ ಬಟನ್ ಒತ್ತಿ ಹೋಗ್ತಿದ್ದೆ, ಅದು ಬರೀ ಸ್ಕ್ರೀನ್ ಆಫ್ ಅಂತೆ, ಒಳಗೆ ಪೂರ್ತಿ ಎಚ್ಚರ ಇತ್ತು. ಲೆಕ್ಕ ಹಾಕಿದೆ: 0.45 ಗುಣಿಸು 24, ದಿನಕ್ಕೆ 10.8 ಆಂಪಿಯರ್ ಅವರ್. ನಾಲ್ಕು ದಿನಕ್ಕೆ 43. ನನ್ನ ಬ್ಯಾಟರಿ 70ರದು, ಅದೂ ಹಳೇದು.

ಅಡಾಪ್ಟರ್ ಬರೋ ತನಕ ಕೆಂಪು ವೈರ್ ಬಿಚ್ಚಿಟ್ಟಿದ್ದೀನಿ. ಎರಡು ವಾರ ಕಾಯೋಕೆ ಆಗದೆ ಮಾಡ್ಕೊಂಡ ಕೆಲಸ ಇದು, ನನ್ನದೇ ತಪ್ಪು.

ತಾಮ್ರದ ತಂತಿ

ತಪ್ಪೇನಿಲ್ಲ, ಸರಿಯಾಗಿ ಅಳೆದಿರಿ. ಅಡಾಪ್ಟರ್ ಬಂದ ಮೇಲೆ ಅದರಿಂದ ಹೊರಡುವ ಕೆಂಪನ್ನೇ ಸೆಟ್‌ಗೆ ಕೊಡಿ, ಮತ್ತೊಮ್ಮೆ ಇದೇ ರೀತಿ ಅಳೆಯಿರಿ. ಅಡಾಪ್ಟರ್ ಕೂಡ ಮಲಗದೆ ಕೂತರೆ ಇದೇ ಕಥೆ ಆಗುತ್ತದೆ.

ಬಿಚ್ಚಿರುವಾಗಲೇ ಜೋಡಣೆಗಳನ್ನೂ ಸರಿಮಾಡಿಕೊಳ್ಳಿ. ತಿರುಚಿ ಟೇಪ್ ಸುತ್ತಿದ್ದರೆ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ನಾನು ಬೆಸುಗೆಗಿಂತ ಸರಿಯಾದ ಅಳತೆಯ ಸ್ಲೀವ್ ಹಾಕಿ ಕ್ರಿಂಪ್ ಮಾಡುವ, ಅಂದರೆ ಇಕ್ಕಳದಿಂದ ಒತ್ತಿ ಹಿಡಿಸುವ ಪಕ್ಷದವನು; ಬೆಸುಗೆ ಹತ್ತಿದ ವೈರ್ ಬಿರುಸಾಗಿ, ಗಾಡಿಯ ನಡುಕಕ್ಕೆ ಬೆಸುಗೆ ಮುಗಿಯುವ ಅಂಚಿನಲ್ಲೇ ತುಂಡಾಗುತ್ತದೆ.

ಸ್ವರಸಾಧನೆ

ಬೆಸುಗೆ ವಿಷಯದಲ್ಲಿ ನಾನು ಒಪ್ಪಲ್ಲ. ಅಂಚಿಗೆ ಹೀಟ್ ಶ್ರಿಂಕ್ ಹಾಕಿ, ವೈರನ್ನ ಕಟ್ಟಿ ಅಲ್ಲಾಡದ ಹಾಗೆ ಮಾಡಿದ್ರೆ ಏನೂ ಆಗಲ್ಲ, ನನ್ನದು ಎಂಟು ವರ್ಷದಿಂದ ಹಾಗೇ ಇದೆ. ಕೆಟ್ಟ ಕ್ರಿಂಪ್‌ಗಿಂತ ಒಳ್ಳೇ ಬೆಸುಗೆ ಮೇಲು. ಆದ್ರೆ ಕಟ್ಟಿನ ಮೇಲೆ ಬಟ್ಟೆ ಟೇಪ್ ಸುತ್ತಿ ಅನ್ನೋದಕ್ಕೆ ಇಬ್ಬರೂ ಒಪ್ತೀವಿ ಅನ್ಕೋತೀನಿ, ಕಟಕಟ ಸದ್ದು ಬರಲ್ಲ.

ಎರಡನೇ ಗೇರ್

ಮಧ್ಯೆ ಒಂದು ಪ್ರಶ್ನೆ. ಹ್ಯಾಂಡ್ ಬ್ರೇಕಿಗೆ ಅಂತ ತಿಳಿಹಸಿರು ವೈರ್ ಇರುತ್ತಲ್ಲ, ಅದನ್ನ ಅರ್ಥ್ ಮಾಡಿದ್ರೆ ಓಡುವಾಗಲೂ ವಿಡಿಯೋ ಬರುತ್ತಂತೆ?

ಹಳೆಗಾಡಿ

ಬರುತ್ತೆ. ಹಾಗೆ ಮಾಡಬೇಡಿ. ಮೂರು ಟನ್ ಹೊತ್ತು ಓಡೋ ಗಾಡಿ, ಒಂದು ಕ್ಷಣ ಕಣ್ಣು ಆ ಕಡೆ ಹೋದ್ರೆ ಸಾಕು. ಆ ವೈರನ್ನ ಹ್ಯಾಂಡ್ ಬ್ರೇಕ್ ಸ್ವಿಚ್ಚಿಗೇ ಕೊಡಿ. ಈ ಚರ್ಚೆ ಶುರುವಾದದ್ದು ಹಿಂದೆ ನಿಂತಿದ್ದ ಒಂದು ಮಗುವಿನಿಂದ, ನೆನಪಿರಲಿ.

ಎರಡನೇ ಗೇರ್

ಸರಿ ಅಣ್ಣ. ಹಾಗೇ ಬಿಡ್ತೀನಿ.

ದಾರಿಹೋಕ

ಅಡಾಪ್ಟರ್ ಬಂತು, ಹಾಕಿದೆ. ಕೀ ತಿರುಗಿಸಿದ್ರೆ ಸೆಟ್ ಏಳುತ್ತೆ, ಕೀ ತೆಗೆದ್ರೆ ಸ್ವಲ್ಪ ಹೊತ್ತಲ್ಲಿ ಮಲಗುತ್ತೆ. ರಾತ್ರಿ ಹೆಡ್‌ಲೈಟ್ ಹಾಕಿದ್ರೆ ಸ್ಕ್ರೀನ್ ತಾನೇ ಮಂದ ಆಗುತ್ತೆ. ಮೀಟರಲ್ಲಿ 0.03.

ಈಗ ಕ್ಯಾಮೆರಾ. ಹಿಂದಿನ ಡೋರ್ ಮೇಲೆ ಕೂರಿಸಿ, ರಿವರ್ಸ್ ಲೈಟಿನ ವೈರ್‌ನಿಂದಲೇ ಕರೆಂಟ್ ಕೊಟ್ಟೆ. ಚಿತ್ರ ಬರುತ್ತೆ, ಆದ್ರೆ ಅಡ್ಡಗೆರೆ ಹರೀತಾನೇ ಇರುತ್ತೆ, ನಡುಗುತ್ತೆ.

ತಾಮ್ರದ ತಂತಿ

ಗಾಡಿಯ ಕಂಪ್ಯೂಟರ್ ಆ ಬಲ್ಬಿಗೆ ಕರೆಂಟನ್ನು ಒಂದೇ ಸಮನೆ ಕೊಡುತ್ತಿಲ್ಲ, ತುಂಡು ತುಂಡಾಗಿ ಕೊಡುತ್ತಿದೆ. ಬಲ್ಬಿಗೆ ಗೊತ್ತಾಗದು, ಕ್ಯಾಮೆರಾಗೆ ಗೊತ್ತಾಗುತ್ತದೆ. ಬಲ್ಬಿನ ವೈರ್ ಬಿಟ್ಟುಬಿಡಿ. ನಿಮ್ಮ ಅಡಾಪ್ಟರ್‌ನಲ್ಲಿ ರಿವರ್ಸ್ ಸಿಗ್ನಲ್ ಹೊರಗೆ ಬರುವ ವೈರ್ ಇರುತ್ತದೆ. ಅದನ್ನು ಸೆಟ್‌ನ ರಿವರ್ಸ್ ವೈರಿಗೂ ಒಂದು ರಿಲೇಯ (ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್ಚು) ಕಾಯಿಲ್‌ಗೂ ಕೊಡಿ. ರಿಲೇ ಮೂಲಕ ಫ್ಯೂಸ್ ಹಾಕಿದ ಶುದ್ಧ 12 ವೋಲ್ಟ್ ಕ್ಯಾಮೆರಾಗೆ ಹೋಗಲಿ. ಕ್ಯಾಮೆರಾದ ಅರ್ಥ್ ಸೆಟ್ ಅರ್ಥ್ ಆದ ಜಾಗಕ್ಕೇ ತನ್ನಿ. ಹಿಂದಿನ ಡೋರ್‌ಗೊಂದು, ಡ್ಯಾಶ್‌ಬೋರ್ಡ್‌ಗೊಂದು ಅರ್ಥ್ ಮಾಡಿದರೆ ವೇಗ ಹೆಚ್ಚಿದಂತೆ ಸ್ಪೀಕರ್‌ನಲ್ಲಿ ಕುಂಯ್ ಸದ್ದು ಏರುತ್ತಾ ಹೋಗುತ್ತದೆ, ಅದು ಆಲ್ಟರ್ನೇಟರ್ ಸದ್ದು.

ಡೋರ್ ಕೀಲಿನ ರಬ್ಬರ್ ಕೊಳವೆಯೊಳಗಿಂದಲೇ ಕೇಬಲ್ ತನ್ನಿ. ಹೊರಗಿಂದ ತಂದರೆ ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಸರಕು ಡೋರ್ ಅದನ್ನು ಕೆಲವೇ ತಿಂಗಳಲ್ಲಿ ಕಡಿದುಹಾಕುತ್ತದೆ.

ಗೂಡುಗಾಡಿ

ನನ್ನ ಹಾಗೆ ಗಾಡಿಯಲ್ಲೇ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ನಾನು ಹಳದಿ, ಕೆಂಪು ಎರಡನ್ನೂ ಎರಡನೇ ಬ್ಯಾಟರಿಗೆ, ಅಂದರೆ ಮನೆ ದೀಪದ ಬ್ಯಾಟರಿಗೆ ಕೊಟ್ಟಿದ್ದೇನೆ. ಕೆಂಪಿಗೆ ಒಂದು ಸ್ವಿಚ್ಚು, ಹಳದಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್. ಮಳೆ ಬರುವ ಸಂಜೆ ಮೂರು ಗಂಟೆ ಹಾಡು ಕೇಳಿದರೂ ಬೆಳಗ್ಗೆ ಇಂಜಿನ್ ಸ್ಟಾರ್ಟ್ ಆಗುತ್ತದೆ. ಸಣ್ಣ ವಾಲ್ಯೂಮಿನಲ್ಲಿ ನನ್ನ ಸೆಟ್ ಎಳೆಯುವುದು 1.2 ಆಂಪಿಯರ್, ನೀವೂ ನಿಮ್ಮದನ್ನು ಅಳೆದುಕೊಳ್ಳಿ.

ದಾರಿಹೋಕ

ರಿಲೇ ಹಾಕಿದೆ, ಚಿತ್ರ ಕಲ್ಲಿನ ಹಾಗೆ ನಿಂತಿದೆ. ಅರ್ಥ್ ಒಂದೇ ಜಾಗ, ಕುಂಯ್ ಸದ್ದಿಲ್ಲ. ಟೈಮ್ ಅಲೈನ್‌ಮೆಂಟ್ ಮಾಡಿದೆ, ಸ್ವರಸಾಧನೆ ಅವರು ಯಾಕೆ ನಾಲ್ಕು ಸಲ ಕೇಳಿದ್ರು ಅಂತ ಈಗ ಅರ್ಥ ಆಯ್ತು.

ಸ್ಟೇರಿಂಗ್ ಬಟನ್‌ನಲ್ಲಿ ವಾಲ್ಯೂಮ್, ಹಾಡು ಬದಲಾವಣೆ ಸರಿ ಇದೆ. ಕಾಲ್ ಎತ್ತೋ ಬಟನ್ ಮಾತ್ರ ಕೆಲಸ ಮಾಡ್ತಿಲ್ಲ.

ತಾಮ್ರದ ತಂತಿ

ಅಡಾಪ್ಟರ್ ಮೇಲೆ ಸೆಟ್‌ನ ಬ್ರ್ಯಾಂಡ್ ಆರಿಸುವ ಸಣ್ಣ ಸ್ವಿಚ್ಚುಗಳಿದ್ದರೆ ನೋಡಿ, ಅಥವಾ ಸೆಟ್‌ನ ಸ್ಟೇರಿಂಗ್ ಮೆನುವಿನಲ್ಲಿ ಆ ಬಟನ್ ಒತ್ತಿ ಹಿಡಿದು ಕಲಿಸಿ.

ದಾರಿಹೋಕ

ಮೆನುವಿನಲ್ಲಿ ಕಲಿಸಿದೆ, ಬಂತು. ಹಳೇ ಸ್ಟೀರಿಯೋ, ಕೋಡ್ ಬರೆದ ಚೀಟಿ, ಯಾವ ಪಿನ್ನಲ್ಲಿ ಎಷ್ಟು ವೋಲ್ಟ್ ಅಂತ ಬರ್ಕೊಂಡ ಹಾಳೆ ಎಲ್ಲಾ ಒಂದೇ ಡಬ್ಬಿಯಲ್ಲಿಟ್ಟು ಸೀಟಿನ ಕೆಳಗೆ ಇಟ್ಟಿದ್ದೀನಿ. ಇದೇ ಥರ ಚೌಕದ ಕಪ್ಲರ್ ಇರೋ ಗಾಡಿಯವರು ಯಾರಾದ್ರೂ ಕೇಳಿದ್ರೆ ಆ ಹಾಳೆಯ ಫೋಟೋ ಕಳಿಸ್ತೀನಿ. ನಿಮ್ಮ ಪಿನ್‌ಗಳನ್ನ ನೀವೂ ಒಂದ್ಸಲ ಮೀಟರಲ್ಲಿ ನೋಡ್ಕೊಂಡೇ ಜೋಡಿಸಿ.